ಓದಿದ ಪುಸ್ತಕಕ್ಕೆ ನಾಲ್ಕು ಸಾಲು: ಆನ್‌ಲೈನ್‌ನಲ್ಲಿ ರಿವ್ಯೂ ಬರೆಯುವುದು ಹೇಗೆ?

ನೀವು ಈಚೆಗೆ ಓದಿ ಇಷ್ಟಪಟ್ಟ ಯಾವುದಾದರೂ ಕನ್ನಡ ಪುಸ್ತಕವನ್ನು ಅಮೆಜಾನ್‌ನಲ್ಲಿ ಹುಡುಕಿ ನೋಡಿ. ಹೆಸರಾಂತ ಲೇಖಕರದ್ದಾದರೆ ಒಂದಷ್ಟು ರಿವ್ಯೂ ಕಾಣಬಹುದು. ಹೊಸಬರ ಕಥಾಸಂಕಲನವಾದರೆ ಒಂದೋ ಎರಡೋ ಇರುತ್ತವೆ, ಎಷ್ಟೋ ಸಲ ಅದೂ ಇರುವುದಿಲ್ಲ. ಅದೇ ಪುಸ್ತಕದ ಬಗ್ಗೆ ಫೇಸ್‌ಬುಕ್‌ನಲ್ಲಿ ಚೆಂದದ ಬರಹಗಳು ಬಂದಿರುತ್ತವೆ. ಲೇಖಕರ ವಾಟ್ಸಾಪಿಗೆ "ಸರ್, ರಾತ್ರಿ ಒಂದೇ ಪಟ್ಟಿಗೆ ಓದಿ ಮುಗಿಸಿದೆ" ಅಂತ ಮೆಸೇಜುಗಳೂ ಹೋಗಿರುತ್ತವೆ. ಓದುಗರು ಮಾತಾಡುತ್ತಲೇ ಇದ್ದಾರೆ. ಆ ಮಾತು ಪುಸ್ತಕ ಮಾರಾಟವಾಗುವ ಜಾಗಕ್ಕೆ ಬಂದು ಮುಟ್ಟುತ್ತಿಲ್ಲ.

ಫೇಸ್‌ಬುಕ್ ಪೋಸ್ಟು ಎರಡು ದಿನದಲ್ಲಿ ಕೆಳಗೆ ಹೋಗಿಬಿಡುತ್ತದೆ. ವಾಟ್ಸಾಪ್ ಮೆಸೇಜನ್ನು ಲೇಖಕರೊಬ್ಬರೇ ನೋಡುತ್ತಾರೆ. ಪುಸ್ತಕ ಕೊಳ್ಳುವ ಪುಟದಲ್ಲಿ ಬರೆದ ನಾಲ್ಕು ಸಾಲು ಮಾತ್ರ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದನ್ನು ಓದುವವರು ಆ ಹೊತ್ತಿನಲ್ಲಿ 'ಕೊಳ್ಳಲೋ ಬೇಡವೋ' ಅಂತ ಯೋಚಿಸುತ್ತಾ ಕೂತವರು. ಆ ನಾಲ್ಕು ಸಾಲನ್ನು ಎಲ್ಲಿ, ಹೇಗೆ ಬರೆಯಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಫೋನ್ ಸಾಕು, ಹದಿನೈದು ನಿಮಿಷ ಸಾಕು.

ಅಷ್ಟಕ್ಕೂ ಇದರಿಂದ ಏನಾಗುತ್ತದೆ?

ಅಂಗಡಿಗೆ ಹೋದರೆ ಪುಸ್ತಕ ಕೈಗೆತ್ತಿಕೊಂಡು ನಡುವಿನ ಎರಡು ಪುಟ ಓದಬಹುದು. ಪುಸ್ತಕ ಬಲ್ಲ ಅಂಗಡಿಯವರಿದ್ದರೆ ಕೇಳಲೂಬಹುದು. ಆನ್‌ಲೈನ್‌ನಲ್ಲಿ ಕಾಣುವುದು ಮುಖಪುಟ, ಬೆಲೆ ಮತ್ತು ಪ್ರಕಾಶಕರೇ ಬರೆಸಿದ ಬೆನ್ನುಡಿ. ಬೆನ್ನುಡಿಯಲ್ಲಿ ಯಾರೂ ತಮ್ಮ ಪುಸ್ತಕವನ್ನು ಸುಮಾರಾಗಿದೆ ಅನ್ನುವುದಿಲ್ಲ. ಹಾಗಾಗಿ ಮುಂಚೆ ಓದಿದವರ ಮಾತೊಂದೇ ದಿಕ್ಕು. ಕನ್ನಡ ಪುಸ್ತಕದಂಗಡಿಯೇ ಇಲ್ಲದ ಊರಿನವರಿಗೆ, ಜರ್ಮನಿಯಲ್ಲೋ ಅಮೆರಿಕದಲ್ಲೋ ಕೂತು ಊರಿನ ಪುಸ್ತಕ ತರಿಸಿಕೊಳ್ಳುವವರಿಗೆ ಇದು ಇನ್ನೂ ಜಾಸ್ತಿ ನಿಜ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಜುಡಿತ್ ಶೆವಲಿಯರ್ ಮತ್ತು ಡೀನಾ ಮೇಜ್ಲಿನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಒಂದೇ ಪುಸ್ತಕಗಳು ಅಮೆಜಾನ್‌ನಲ್ಲೂ ಬಾರ್ನ್ಸ್ ಅಂಡ್ ನೋಬಲ್ ಜಾಲತಾಣದಲ್ಲೂ ಹೇಗೆ ಮಾರಾಟವಾದವು ಅಂತ ಹೋಲಿಸಿದರು. 2006ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯಾವ ತಾಣದಲ್ಲಿ ಪುಸ್ತಕದ ರಿವ್ಯೂ ಸುಧಾರಿಸಿತೋ, ಆ ತಾಣದಲ್ಲಿ ಅದರ ಮಾರಾಟವೂ ಏರಿತ್ತು. ಐದು ಸ್ಟಾರಿನ ರಿವ್ಯೂ ಮಾರಾಟವನ್ನು ಏರಿಸಿದ್ದಕ್ಕಿಂತ ಒಂದು ಸ್ಟಾರಿನ ರಿವ್ಯೂ ಇಳಿಸಿದ್ದೇ ಹೆಚ್ಚಿತ್ತು. ಜನ ಸರಾಸರಿ ಅಂಕಿ ನೋಡಿ ಸುಮ್ಮನಾಗುವುದಿಲ್ಲ, ಬರೆದದ್ದನ್ನು ಓದುತ್ತಾರೆ ಅನ್ನುವುದಕ್ಕೂ ಅವರಿಗೆ ಪುರಾವೆ ಸಿಕ್ಕಿತು. ನನಗೆ ಮುಖ್ಯ ಅನ್ನಿಸುವುದು ಈ ಕಡೆಯ ಮಾತು.

ಕನ್ನಡದ ಲೆಕ್ಕ ಬೇರೆಯೇ. ಇಂಗ್ಲಿಷ್‌ನ ಜನಪ್ರಿಯ ಕಾದಂಬರಿಗೆ ಸಾವಿರಾರು ರಿವ್ಯೂ ಇರುತ್ತವೆ, ಅಲ್ಲಿ ನಿಮ್ಮದು ಕಾಣಿಸುವುದೇ ಕಷ್ಟ. ಐನೂರೋ ಸಾವಿರವೋ ಪ್ರತಿ ಅಚ್ಚಾದ ಕನ್ನಡ ಪುಸ್ತಕಕ್ಕೆ ನಿಮ್ಮದು ಎರಡನೆಯದ್ದೋ ಮೂರನೆಯದ್ದೋ ಆಗಿರುತ್ತದೆ. ಪುಟ ತೆರೆದವರು ಅದನ್ನು ಓದದೆ ಮುಂದೆ ಹೋಗುವುದು ಕಡಿಮೆ.

ಮೊದಲ ಹೆಜ್ಜೆ: ಸರಿಯಾದ ಪುಟ ಹುಡುಕಿ

ಕೇಳಲು ಸುಲಭ, ಆದರೆ ಎಡವುವುದು ಇಲ್ಲೇ. ಆನ್‌ಲೈನ್ ಅಂಗಡಿಗಳಲ್ಲಿ ಕನ್ನಡ ಪುಸ್ತಕದ ಹೆಸರನ್ನು ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ. ಒಬ್ಬರು ದೀರ್ಘಕ್ಕೆ ಎರಡು 'ಎ' ಹಾಕಿದರೆ ಇನ್ನೊಬ್ಬರು ಒಂದೇ ಹಾಕುತ್ತಾರೆ. 'ಳ'ಕ್ಕೂ 'ಲ'ಕ್ಕೂ ಒಂದೇ ಅಕ್ಷರ. ಹಾಗಾಗಿ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಲಿಪಿಯಲ್ಲಿ ಎರಡು ಮೂರು ಥರ, ಲೇಖಕರ ಹೆಸರಿನಿಂದ ಒಮ್ಮೆ ಹುಡುಕಿ. ಎಲ್ಲಕ್ಕಿಂತ ಖಚಿತವಾದದ್ದು ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್. ಪುಸ್ತಕದ ಒಳಗೆ ಹಕ್ಕುಸ್ವಾಮ್ಯದ ವಿವರ ಇರುವ ಪುಟದಲ್ಲೋ ಹಿಂಬದಿಯ ಬಾರ್‌ಕೋಡ್ ಹತ್ತಿರವೋ 13 ಅಂಕಿಯ ಸಂಖ್ಯೆ ಇರುತ್ತದೆ. ನಮ್ಮ ದೇಶದ ಪುಸ್ತಕವಾದರೆ ಸಾಮಾನ್ಯವಾಗಿ 978-81 ಇಲ್ಲವೇ 978-93ರಿಂದ ಶುರು. ಅದನ್ನು ಹಾಗೇ ಹುಡುಕುವ ಜಾಗದಲ್ಲಿ ಹಾಕಿ. ಕೆಲವು ಸಣ್ಣ ಪ್ರಕಾಶನಗಳ ಪುಸ್ತಕಕ್ಕೆ ಈ ಸಂಖ್ಯೆಯೇ ಇರುವುದಿಲ್ಲ, ಆಗ ಹೆಸರೇ ಗತಿ.

ಒಂದೇ ಪುಸ್ತಕಕ್ಕೆ ಎರಡು ಮೂರು ಪುಟ ಇರುವುದೂ ಉಂಟು. ಹಳೆಯ ಮುದ್ರಣದ್ದೊಂದು, ಹೊಸದರದ್ದೊಂದು, ಇನ್ನಾರೋ ಮಾರುವವರು ಬೇರೆಯಾಗಿ ಹಾಕಿದ್ದೊಂದು. ಈಗ ಮಾರಾಟದಲ್ಲಿರುವ, ಸರಿಯಾದ ಮುಖಪುಟ ಇರುವ ಪುಟವನ್ನೇ ಆರಿಸಿಕೊಳ್ಳಿ. 'ಸ್ಟಾಕ್ ಇಲ್ಲ' ಅಂತ ತೋರಿಸುವ ಪುಟದಲ್ಲಿ ಬರೆದರೆ ಅದು ಯಾರಿಗೂ ಕಾಣದೆ ಕೂತಿರುತ್ತದೆ.

ಎಲ್ಲಿ ಬರೆಯಬೇಕು?

ಕನ್ನಡ ಪುಸ್ತಕಗಳು ಒಂದೇ ಕಡೆ ಸಿಗುವುದಿಲ್ಲ. 2016ರ ಕೊನೆಯಲ್ಲಿ ಅಮೆಜಾನ್‌ನ ಇ-ಪುಸ್ತಕ ವೇದಿಕೆ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಇ-ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್‌ನಂಥ ಕಡೆ ನೆಲೆ ಕಂಡುಕೊಂಡವು. ಅಚ್ಚಿನ ಪುಸ್ತಕಗಳು ಅಮೆಜಾನ್, ಸಪ್ನಾ, ನವಕರ್ನಾಟಕ ಮತ್ತು ಪ್ರಕಾಶಕರ ಸ್ವಂತ ತಾಣಗಳಲ್ಲಿ ಸಿಗುತ್ತವೆ. ಎಲ್ಲ ಕಡೆ ಬರೆಯಲು ಯಾರಿಗೂ ಪುರುಸೊತ್ತಿಲ್ಲ. ಎರಡು ಕಡೆ ಸಾಕು: ಒಂದು ನೀವು ಕೊಂಡ ಜಾಗ, ಇನ್ನೊಂದು ಓದುಗರು ಪುಸ್ತಕಗಳಿಗೆ ರಿವ್ಯೂ ಬರೆಯುವ ತಾಣ ಗುಡ್‌ರೀಡ್ಸ್.

ಕೊಂಡ ಜಾಗ ಯಾಕೆಂದರೆ, ಅಮೆಜಾನ್‌ನಲ್ಲಿ ಅಲ್ಲೇ ಕೊಂಡವರ ರಿವ್ಯೂಗೆ 'ವೆರಿಫೈಡ್ ಪರ್ಚೇಸ್' ಅನ್ನುವ ಗುರುತು ಬೀಳುತ್ತದೆ, ಓದುವವರಿಗೆ ನಂಬಿಕೆ ಬರುತ್ತದೆ. ಅಲ್ಲಿನ ಒಟ್ಟು ರೇಟಿಂಗ್ ಬರೀ ಸರಾಸರಿಯಲ್ಲ. ರಿವ್ಯೂ ಎಷ್ಟು ಹೊಸದು, ಖರೀದಿ ದೃಢಪಟ್ಟಿದೆಯೇ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬೇರೆ ಕಡೆ ಕೊಂಡಿದ್ದರೂ ಅಲ್ಲಿ ಬರೆಯಬಹುದು, ಗುರುತು ಇರುವುದಿಲ್ಲ ಅಷ್ಟೇ. ಆದರೆ ನಿಮ್ಮ ಖಾತೆಯಿಂದ ಕಳೆದ 12 ತಿಂಗಳಲ್ಲಿ ಒಂದು ಕನಿಷ್ಠ ಮೊತ್ತದ ಖರೀದಿ ನಡೆದಿರಬೇಕು. ಹೊಸ ಖಾತೆ ತೆರೆದು ಸೀದಾ ರಿವ್ಯೂ ಹಾಕಲು ಹೋದರೆ ಆಗುವುದಿಲ್ಲ.

ಗುಡ್‌ರೀಡ್ಸ್‌ಗೆ ಈ ತಾಪತ್ರಯ ಇಲ್ಲ. 2007ರಲ್ಲಿ ಶುರುವಾದ ತಾಣ, 2013ರಿಂದ ಅಮೆಜಾನ್ ಒಡೆತನದಲ್ಲಿದೆ. ಗ್ರಂಥಾಲಯದಿಂದ ತಂದು ಓದಿದವರೂ, ಗೆಳೆಯರ ಹತ್ತಿರ ಎರವಲು ಪಡೆದವರೂ ಅಲ್ಲಿ ಬರೆಯಬಹುದು. ಕನ್ನಡ ಪುಸ್ತಕ ಅಲ್ಲಿ ದಾಖಲಾಗದೇ ಇದ್ದರೆ, 'ಲೈಬ್ರೇರಿಯನ್' ಎಂದು ಕರೆಸಿಕೊಳ್ಳುವ ಸ್ವಯಂಸೇವಕರ ಗುಂಪಿನಲ್ಲಿ ಹೆಸರು, ಲೇಖಕರು, ಐಎಸ್‌ಬಿಎನ್, ಪುಟ ಸಂಖ್ಯೆ ಕೊಟ್ಟು ಸೇರಿಸಲು ಕೇಳಿಕೊಳ್ಳಿ. ಹೀಗೆ ಒಂದು ಪುಸ್ತಕದ ಪುಟ ಹುಟ್ಟಿಸಿದರೆ ಮುಂದೆ ಓದುವ ಎಲ್ಲರಿಗೂ ಬರೆಯಲು ಜಾಗ ಸಿಗುತ್ತದೆ. ರಿವ್ಯೂ ಬರೆದಷ್ಟೇ ದೊಡ್ಡ ಉಪಕಾರ ಇದು.

ಆನ್‌ಲೈನ್‌ನಲ್ಲೇ ಕಥೆ ಓದುವ ತಾಣವಾದ ಪ್ರತಿಲಿಪಿಯಲ್ಲಿ ಓದುವವರಿಗೆ ಇಷ್ಟೆಲ್ಲ ಹೇಳಬೇಕಿಲ್ಲ. ಅಲ್ಲಿ ಕಥೆ ಮುಗಿದ ಕಡೆಯೇ ಅಭಿಪ್ರಾಯದ ಜಾಗ ಇರುತ್ತದೆ, ಜನ ಧಾರಾಳವಾಗಿ ಬರೆಯುತ್ತಾರೆ. ಜಾಗ ಕಣ್ಣೆದುರೇ ಇದ್ದರೆ ಕನ್ನಡದ ಓದುಗ ಸುಮ್ನೆ ಕೂರುವುದಿಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಬರೆಯುವುದು

"ನಾನೇನು ವಿಮರ್ಶಕನಾ, ನಾನು ಬರೆದರೆ ಯಾರು ಕೇಳ್ತಾರೆ?" ಅನ್ನುವ ಹಿಂಜರಿಕೆ ನಮ್ಮಲ್ಲಿ ತುಂಬಾ ಇದೆ. ಕೃತಿಯನ್ನು ಪರಂಪರೆಯಲ್ಲಿಟ್ಟು ತೂಗುವ ಕೆಲಸ ಬೇರೆ, ಅದಕ್ಕೆ ಪತ್ರಿಕೆಗಳಿವೆ, ಪ್ರಾಧ್ಯಾಪಕರಿದ್ದಾರೆ. ಕೊಳ್ಳಲು ಹೊರಟವರಿಗೆ ಬೇಕಾಗಿರುವುದು ಇಷ್ಟೇ: ಈ ಪುಸ್ತಕ ನನಗೆ ಆಗಿಬರುತ್ತದಾ? ಅದನ್ನು ಹೇಳಲು ಪುಸ್ತಕ ಓದಿದ್ದರೆ ಸಾಕು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ತೀರ್ಥಹಳ್ಳಿ ಕಡೆಯ ಬದುಕಿನ ಬಗ್ಗೆ ಹೊಸಬರೊಬ್ಬರು ಬರೆದ ಕಥಾಸಂಕಲನ. ಅದಕ್ಕೆ ಸಾಮಾನ್ಯವಾಗಿ ಬೀಳುವ ರಿವ್ಯೂ ಹೀಗಿರುತ್ತದೆ:

"ಸೂಪರ್ ಪುಸ್ತಕ. ಅದ್ಭುತ ಬರವಣಿಗೆ. ಎಲ್ಲರೂ ಓದಲೇಬೇಕು."

ಬರೆದವರ ಪ್ರೀತಿ ನಿಜವೇ. ಆದರೆ ಈ ಮೂರು ಸಾಲನ್ನು ಯಾವ ಪುಸ್ತಕದ ಕೆಳಗೆ ಅಂಟಿಸಿದರೂ ನಡೆಯುತ್ತದೆ. ಈಗ ಇದನ್ನು ನೋಡಿ:

"ಒಂಬತ್ತು ಕಥೆಗಳಿವೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಕೊನೆಗಾರ ಬರದೆ ಮನೆಮಂದಿಯೆಲ್ಲ ಕಾಯುವ ಕಥೆ ತುಂಬಾ ಹಿಡಿಸಿತು. ಮಾತುಗಳು ಮಲೆನಾಡಿನ ಕನ್ನಡದಲ್ಲಿವೆ, ಆದರೆ ನಾನು ಮೈಸೂರಿನವಳು, ನನಗೆಲ್ಲೂ ತೊಡಕಾಗಲಿಲ್ಲ. ಕಡೆಯ ಎರಡು ಕಥೆ ಅವಸರದಲ್ಲಿ ಮುಗಿದ ಹಾಗನ್ನಿಸಿತು. ಅಕ್ಷರ ದೊಡ್ಡದಿದೆ, ಅಮ್ಮನೂ ಆರಾಮಾಗಿ ಓದಿದರು. ಪತ್ತೇದಾರಿ ಥರ ಓಟ ಬೇಕು ಅನ್ನುವವರಿಗೆ ನಿಧಾನ ಅನ್ನಿಸಬಹುದು."

ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಆದರೂ ಕೊಳ್ಳುವವರ ಐದಾರು ಪ್ರಶ್ನೆಗೆ ಉತ್ತರ ಇದೆ. ಒಂದು ಕಥೆಯ ಗುರುತು ಹೇಳಿದ್ದರಿಂದ ಇವರು ಪುಸ್ತಕ ಓದಿದ್ದಾರೆ ಅಂತ ನಂಬಿಕೆ ಬಂತು. ಆಡುಮಾತಿನ ವಿಚಾರ ಹೇಳಿದ್ದು ಬಹಳ ಒಳ್ಳೆಯದಾಯಿತು. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಕಲಬುರಗಿಯ ಕನ್ನಡ ಅಂದಾಗ ಬೇರೆ ಕಡೆಯವರಿಗೆ 'ನನಗೆ ಅರ್ಥವಾಗುತ್ತದಾ' ಅನ್ನುವ ಅಳುಕು ಇದ್ದೇ ಇರುತ್ತದೆ. ಪುಸ್ತಕದ ಬೆನ್ನುಡಿ ಈ ಅಳುಕಿಗೆ ಉತ್ತರ ಕೊಡುವುದು ಅಪರೂಪ. ಇನ್ನು 'ಅವಸರದಲ್ಲಿ ಮುಗಿದ ಹಾಗನ್ನಿಸಿತು' ಅನ್ನುವ ಸಣ್ಣ ತಕರಾರು ಇದೆಯಲ್ಲ, ಅದು ಮೇಲಿನ ಹೊಗಳಿಕೆಯನ್ನು ಗಟ್ಟಿ ಮಾಡಿತು.

ನೀವು ಬರೆಯುವಾಗ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಇಷ್ಟು ಕೇಳಿಕೊಳ್ಳಿ. ಇದರಲ್ಲಿ ಏನಿದೆ? ಮನಸ್ಸಿನಲ್ಲಿ ಉಳಿದ ಒಂದು ಜಾಗ ಯಾವುದು? ಎಲ್ಲಿ ಎಳೆದ ಹಾಗಾಯಿತು? ಯಾರಿಗೆ ಕೊಟ್ಟರೆ ಖುಷಿಪಡುತ್ತಾರೆ? ಒಂದೊಂದಕ್ಕೆ ಒಂದು ವಾಕ್ಯ ಬರೆದರೆ ರಿವ್ಯೂ ಮುಗಿಯಿತು.

ಪುಸ್ತಕದ ಬಗೆ ನೋಡಿ ಇನ್ನೊಂದು ಮಾತು ಸೇರಿಸಿ. ಮಕ್ಕಳ ಪುಸ್ತಕವಾದರೆ ಓದಿದ ಮಗುವಿನ ವಯಸ್ಸು ಹೇಳಿ. ಒತ್ತಕ್ಷರ ಜಾಸ್ತಿ ಇದೆಯಾ, ಮಗು ತಾನೇ ಓದಿತಾ, ನೀವು ಓದಿ ಹೇಳಿದಿರಾ ಅನ್ನುವುದು ತಂದೆತಾಯಿಗೆ ಬೇಕಾದ ವಿಷಯ. ಅನುವಾದವಾದರೆ ಅನುವಾದಕರ ಹೆಸರು ಬಿಡಬೇಡಿ, ಕನ್ನಡ ಸರಾಗವಾಗಿದೆಯಾ ಅಂತ ತಿಳಿಸಿ. ಕವನ ಸಂಕಲನಕ್ಕೆ ನಿಮಗೆ ಇಷ್ಟವಾದ ಒಂದೆರಡು ಸಾಲು ಎತ್ತಿ ಬರೆಯುವುದೇ ಒಳ್ಳೆಯ ದಾರಿ, ಪೂರ್ತಿ ಕವನ ಮಾತ್ರ ಬೇಡ. ಆಡಿಯೋ ಪುಸ್ತಕಕ್ಕೆ ಓದಿದವರ ದನಿ ಹೇಗಿದೆ ಅನ್ನುವುದು ಅರ್ಧ ರಿವ್ಯೂ.

ಈಗಾಗಲೇ ಫೇಸ್‌ಬುಕ್‌ನಲ್ಲಿ ಬರೆದಿದ್ದರೆ, ಲೇಖಕರಿಗೆ ಮೆಸೇಜು ಕಳಿಸಿದ್ದರೆ ಹೊಸದಾಗಿ ಬರೆಯುವ ಕಷ್ಟವೂ ಇಲ್ಲ. 'ಸರ್ ನಮಸ್ಕಾರ' ತೆಗೆದು, ಉಳಿದದ್ದನ್ನು ಕಾಪಿ ಮಾಡಿ ಹಾಕಿ. ನಿಮ್ಮದೇ ಬರಹ, ಎರಡು ಕಡೆ ಇದ್ದರೆ ತಪ್ಪಿಲ್ಲ.

ಕನ್ನಡದಲ್ಲೇ ಬರೆಯಿರಿ

ಕನ್ನಡ ಪುಸ್ತಕಕ್ಕೆ ಹರಕುಮುರುಕು ಇಂಗ್ಲಿಷ್‌ನಲ್ಲಿ ರಿವ್ಯೂ ಬರೆಯುವ ಅಗತ್ಯವೇ ಇಲ್ಲ. ಅಮೆಜಾನ್‌ನ ಭಾರತದ ತಾಣಕ್ಕೆ 2020ರಲ್ಲಿ ಕನ್ನಡ ಬಂತು. ಪುಸ್ತಕ ಕೊಳ್ಳುವವರು ಹೇಗೂ ಕನ್ನಡ ಓದುವವರೇ ಅಲ್ವಾ? ಫೋನಿನಲ್ಲಿ ಜಿಬೋರ್ಡ್ ಅನ್ನುವ ಗೂಗಲ್‌ನ ಆ್ಯಪ್ ಹಾಕಿಕೊಂಡರೆ ಕನ್ನಡ ಕೀಲಿಮಣೆ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಪಡೆಯುವ ವಿಧಾನ, ಮಾತಾಡಿ ಬರೆಸುವ ಮೈಕು ಎಲ್ಲವೂ ಸಿಗುತ್ತವೆ. ಟೈಪಿಂಗ್ ಬೇಜಾರು ಅನ್ನುವ ಹಿರಿಯರಿಗೆ ಮೈಕು ಒಳ್ಳೆಯದು. ಹೇಳಿದ ಮೇಲೆ ಒಮ್ಮೆ ಓದಿ ತಿದ್ದಿ, ಹೆಸರುಗಳನ್ನು ಅದು ತಪ್ಪಾಗಿ ಕೇಳಿಸಿಕೊಳ್ಳುವುದುಂಟು.

ಕಂಪ್ಯೂಟರ್‌ನಲ್ಲಿ ನುಡಿ, ಬರಹ ತಂತ್ರಾಂಶ ಬಳಸುವವರು ಗಮನಿಸಿ: ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡ್ ಆಯ್ಕೆ ಮಾಡಿಕೊಂಡೇ ಬರೆಯಬೇಕು. ಹಳೆಯ ಫಾಂಟಿನಲ್ಲಿ ಬರೆದು ಅಂಟಿಸಿದರೆ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ.

ಎಷ್ಟು ಸ್ಟಾರ್?

ಒಂದು ಸೂಕ್ಷ್ಮ ಇಲ್ಲಿದೆ. ಗುಡ್‌ರೀಡ್ಸ್‌ನಲ್ಲಿ ಪ್ರತಿ ಸ್ಟಾರಿಗೂ ಅರ್ಥ ಕೊಟ್ಟಿದ್ದಾರೆ. ಎರಡು ಅಂದರೆ ಪರವಾಗಿಲ್ಲ, ಮೂರು ಅಂದರೆ ಇಷ್ಟವಾಯಿತು, ನಾಲ್ಕು ಅಂದರೆ ತುಂಬಾ ಇಷ್ಟವಾಯಿತು. ಅಮೆಜಾನ್‌ನಲ್ಲಿ ನಾಲ್ಕು, ಐದು ಮಾತ್ರ ಮೆಚ್ಚುಗೆಯ ಪಟ್ಟಿಗೆ ಹೋಗುತ್ತವೆ. ಮೂರು ಸ್ಟಾರ್ ಒಂದು, ಎರಡರ ಜೊತೆ ಟೀಕೆಯ ಪಟ್ಟಿಗೆ ಬೀಳುತ್ತದೆ. 'ಚೆನ್ನಾಗಿದೆ' ಅಂದುಕೊಂಡು ಎರಡೂ ಕಡೆ ಮೂರೇ ಕೊಟ್ಟರೆ, ಅಮೆಜಾನ್‌ನಲ್ಲಿ ನೀವು ಹೇಳದ ಮಾತು ಹೇಳಿದಂತಾಗುತ್ತದೆ. ಹಾಗಂತ ಕರುಣೆಯಿಂದ ಎಲ್ಲದಕ್ಕೂ ಐದು ಕೊಡುತ್ತಾ ಹೋದರೆ ನಿಮ್ಮ ಐದಕ್ಕೆ ಬೆಲೆ ಇರುವುದಿಲ್ಲ.

ಪುಸ್ತಕ ತಡವಾಗಿ ಬಂತು, ಮೂಲೆ ಮಡಚಿತ್ತು, ಪೊಟ್ಟಣ ಹರಿದಿತ್ತು ಅಂತ ಒಂದು ಸ್ಟಾರ್ ಕೊಡಬೇಡಿ. ದಯವಿಟ್ಟು. ಅದು ಸಾಗಿಸಿದವರ ತಪ್ಪು, ಏಟು ಬೀಳುವುದು ಬರೆದವರಿಗೆ. ನಾಲ್ಕೇ ರಿವ್ಯೂ ಇರುವ ಪುಸ್ತಕಕ್ಕೆ ಇಂಥದ್ದೊಂದು ಬಿದ್ದರೆ ಸರಾಸರಿ ಕುಸಿದುಬಿಡುತ್ತದೆ. ಆ ದೂರಿಗೆ ಮಾರಾಟಗಾರರ ಬಗ್ಗೆ ಅಭಿಪ್ರಾಯ ಬರೆಯುವ ಬೇರೆ ಜಾಗ ಅಮೆಜಾನ್‌ನಲ್ಲಿದೆ. ಪುಟ ಬಿಟ್ಟುಹೋಗಿದೆ, ಅಚ್ಚು ಮಸುಕಾಗಿದೆ, ಕಾಗುಣಿತದ ತಪ್ಪು ಬಹಳ ಇದೆ ಅನ್ನುವುದು ಪುಸ್ತಕಕ್ಕೇ ಸೇರಿದ ವಿಷಯ, ಅದನ್ನು ಧಾರಾಳವಾಗಿ ಬರೆಯಿರಿ.

ಇಷ್ಟವಾಗದಿದ್ದರೆ

ಹಾಗೇ ಬರೆಯಿರಿ, ಕಾರಣ ಕೊಟ್ಟು ಬರೆಯಿರಿ. 'ಬೋರು' ಅಂತ ಬಿಟ್ಟರೆ ಯಾರಿಗೂ ಉಪಯೋಗವಿಲ್ಲ. 'ಅರ್ಧದವರೆಗೆ ಪಾತ್ರಗಳ ಪರಿಚಯವೇ ಮುಗಿಯುವುದಿಲ್ಲ' ಅಂದರೆ, ನಿಧಾನದ ಕಾದಂಬರಿಯೇ ಬೇಕು ಅನ್ನುವವರು ಅದನ್ನೇ ಓದಿ ಕೊಂಡುಕೊಳ್ಳಬಹುದು. 2010ರಲ್ಲಿ ಸಂಶೋಧಕ ಜೋನಾ ಬರ್ಗರ್ ಮತ್ತು ಜೊತೆಗಾರರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ವಿಮರ್ಶೆಗಳ ಪರಿಣಾಮ ನೋಡಿದಾಗ ಸಿಕ್ಕ ಸಂಗತಿ ಕುತೂಹಲದ್ದು. ಹೆಸರು ಮಾಡಿದ ಲೇಖಕರಿಗೆ ಕೆಟ್ಟ ವಿಮರ್ಶೆ ಬಂದಾಗ ಮಾರಾಟ ಸುಮಾರು 15% ಇಳಿಯಿತು. ಯಾರಿಗೂ ಗೊತ್ತಿಲ್ಲದ ಲೇಖಕರಿಗೆ ಬಂದಾಗ ಸುಮಾರು 45% ಏರಿತು. ಇಂಥದ್ದೊಂದು ಪುಸ್ತಕ ಇದೆ ಅಂತ ಜನರಿಗೆ ತಿಳಿದದ್ದೇ ಅವರಿಗೆ ಲಾಭ. ಅದು ದೊಡ್ಡ ಪತ್ರಿಕೆಯ ಮಾತು, ಒಂದು ಸ್ಟಾರಿನ ರಿವ್ಯೂಗೆ ಹಾಗೇ ಅನ್ವಯಿಸಬೇಕಿಲ್ಲ. ಆದರೂ ಹೊಸ ಲೇಖಕರ ದೊಡ್ಡ ಕಷ್ಟ ಟೀಕೆಯಲ್ಲ, ಮೌನ ಅಂತ ನನ್ನ ಗಟ್ಟಿ ನಂಬಿಕೆ.

ಕಥೆಯ ತಿರುವು ಬಿಟ್ಟುಕೊಡಬೇಡಿ. ಹೇಳಲೇಬೇಕಿದ್ದರೆ ಗುಡ್‌ರೀಡ್ಸ್‌ನಲ್ಲಿ ಅದನ್ನು ಮರೆಮಾಡುವ ಆಯ್ಕೆ ಇದೆ. ಲೇಖಕರ ಜಾತಿ, ಪಂಥ, ರಾಜಕೀಯದ ಮೇಲಿನ ಸಿಟ್ಟನ್ನು ಓದದ ಪುಸ್ತಕದ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲ.

ಗುರುತು ಪರಿಚಯದವರ ಪುಸ್ತಕ

ಕನ್ನಡದ ಪುಸ್ತಕಲೋಕ ಚಿಕ್ಕದು. ಬರೆಯುವವರು, ಓದುವವರು, ಪ್ರಕಾಶಕರು ಒಂದಲ್ಲ ಒಂದು ಬಿಡುಗಡೆ ಸಮಾರಂಭದಲ್ಲಿ ಸಿಕ್ಕೇ ಸಿಗುತ್ತಾರೆ. ಹಾಗಾಗಿ ಇದು ಸ್ವಲ್ಪ ನಾಜೂಕಿನ ವಿಚಾರ. ಮನೆಯವರು, ಆಪ್ತ ಗೆಳೆಯರು ರಿವ್ಯೂ ಬರೆಯುವುದನ್ನು ಅಮೆಜಾನ್ ಒಪ್ಪುವುದಿಲ್ಲ, ಗೊತ್ತಾದರೆ ತೆಗೆದುಹಾಕುತ್ತದೆ. ದುಡ್ಡು, ಉಡುಗೊರೆ ಪಡೆದು ಬರೆಯುವಂತಿಲ್ಲ. ಆದರೆ ಪುಸ್ತಕಕ್ಕೊಂದು ವಿನಾಯಿತಿ ಇದೆ: ಗೌರವ ಪ್ರತಿ ಪಡೆದವರು ಬರೆಯಬಹುದು, ಬರೆಯಲೇಬೇಕು ಅಂತಲೋ ಹೊಗಳಬೇಕು ಅಂತಲೋ ಷರತ್ತು ಇರಬಾರದು. 'ಲೇಖಕರು ಕಳಿಸಿಕೊಟ್ಟ ಪ್ರತಿ ಓದಿ ಬರೆಯುತ್ತಿದ್ದೇನೆ' ಅಂತ ಒಂದು ಸಾಲು ಹಾಕಿಬಿಡಿ, ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ನಂಬಿಕೆ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆಗಳಿವೆ. 2004ರಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ತಾಂತ್ರಿಕ ದೋಷವಾಗಿ ಅನಾಮಧೇಯ ರಿವ್ಯೂಗಳ ಹಿಂದಿನ ನಿಜವಾದ ಹೆಸರು ಹೊರಬಿದ್ದಾಗ, ಕೆಲವು ಲೇಖಕರು ತಮ್ಮ ಪುಸ್ತಕವನ್ನು ತಾವೇ ಹೊಗಳಿಕೊಂಡದ್ದು ಬಯಲಾಯಿತು. 2023ರಲ್ಲಿ ಅಮೆರಿಕದ ಹೊಸ ಲೇಖಕರೊಬ್ಬರು ಗುಡ್‌ರೀಡ್ಸ್‌ನಲ್ಲಿ ಸುಳ್ಳು ಖಾತೆಗಳನ್ನು ತೆರೆದು ಬೇರೆ ಹೊಸಬರ ಪುಸ್ತಕಗಳಿಗೆ ಒಂದು ಸ್ಟಾರ್ ಹಾಕಿ ಸಿಕ್ಕಿಬಿದ್ದರು, ಅವರ ಪುಸ್ತಕದ ಪ್ರಕಟಣೆಯೇ ರದ್ದಾಯಿತು. ನಮ್ಮ ದೇಶದಲ್ಲೂ ಆನ್‌ಲೈನ್ ರಿವ್ಯೂಗಳನ್ನು ಸಂಗ್ರಹಿಸುವುದು, ಪ್ರಕಟಿಸುವುದು ಹೇಗಿರಬೇಕು ಅಂತ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಒಂದು ಮಾನದಂಡ ತಂದಿದೆ.

ಲೇಖಕರಾಗಿದ್ದರೆ

ಕೇಳಲು ಸಂಕೋಚ ಬೇಡ. ಚೆನ್ನಾಗಿದೆ ಅಂತ ಮೆಸೇಜು ಬಂದ ಕೂಡಲೇ ಥ್ಯಾಂಕ್ಸ್ ಜೊತೆಗೆ ಪುಸ್ತಕದ ಪುಟದ ಲಿಂಕ್ ಕಳಿಸಿ, 'ಇದನ್ನೇ ಇಲ್ಲೂ ಹಾಕ್ತೀರಾ?' ಅನ್ನಿ. ಮುಂದಿನ ಮುದ್ರಣದ ಕಡೆಯ ಪುಟದಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ. ಓದಿ ಮುಗಿಸಿದ ಗಳಿಗೆಯಲ್ಲಿ ಕೈಯಲ್ಲಿ ಫೋನ್ ಇದ್ದೇ ಇರುತ್ತದೆ. 'ಐದು ಸ್ಟಾರ್ ಕೊಡಿ' ಅಂತ ಮಾತ್ರ ಕೇಳಬೇಡಿ. ಕೆಟ್ಟ ರಿವ್ಯೂ ಬಂದರೆ ಅದರ ಕೆಳಗೆ ವಾದಕ್ಕೆ ಇಳಿಯಬೇಡಿ, ಗೆಳೆಯರನ್ನೂ ಕಳಿಸಬೇಡಿ.

ಹಾಕಿದ ಮೇಲೆ

ಕಳಿಸುವ ಮುಂಚೆ ನಿಮ್ಮ ಬರಹದ ಒಂದು ಪ್ರತಿ ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಅಮೆಜಾನ್‌ನಲ್ಲಿ ಪರಿಶೀಲನೆಯಾಗಿ ಕಾಣಿಸಲು ಒಂದೆರಡು ದಿನ ಹಿಡಿಯಬಹುದು. ಬರದಿದ್ದರೆ ಸಾಮಾನ್ಯವಾಗಿ ಕಾರಣ ಇಷ್ಟರಲ್ಲೇ ಇರುತ್ತದೆ: ಬೇರೆ ತಾಣದ ಲಿಂಕ್ ಹಾಕಿರುತ್ತೀರಿ, ಫೋನ್ ನಂಬರ್ ಬರೆದಿರುತ್ತೀರಿ, ಇಲ್ಲವೇ ಸಾಗಣೆಯ ಬಗ್ಗೆ ದೂರಿರುತ್ತೀರಿ. ಆ ಸಾಲು ತೆಗೆದು ಮತ್ತೆ ಹಾಕಿ. ಪುಸ್ತಕವನ್ನು ಇನ್ನೊಮ್ಮೆ ಓದಿದಾಗ ಅಭಿಪ್ರಾಯ ಬದಲಾದರೆ ಅದೇ ರಿವ್ಯೂ ತೆರೆದು ತಿದ್ದಬಹುದು, ಸ್ಟಾರ್ ಕೂಡ ಬದಲಿಸಬಹುದು.